ತಕರಾರು ಫಾದರ್ ಮೆಚ್ಚಿದ ಇಪ್ಪತ್ತು ಪುಟ

ಐವತ್ತು ದಾಟಿದ ಮೇಲೆ ಟೀಚರಮ್ಮನಿಗೆ ತನ್ನದೇ ಆದ ಒಂದು ಮೇಜು ಸಿಕ್ಕಿತು. ಮೇಜಿನ ಮುಂದೆ ಕಿಟಕಿ, ಕಿಟಕಿಯಾಚೆ ಬಿಸಿಲು ಕಾಯಿಸುತ್ತ ಗೋಡೆಯ ಮೇಲೆ ಮಲಗಿದ ಬೆಕ್ಕು, ಪಕ್ಕದಲ್ಲಿ ಪುಸ್ತಕದ ಕಪಾಟು, ಬೆನ್ನ ಹಿಂದೆ ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಬಾಗಿಲು. ಅಲ್ಲಿಯವರೆಗೆ ಅವಳು ದೈವಶಾಸ್ತ್ರ ಓದಿದ್ದೆಲ್ಲ ಮನೆಯ ಊಟದ ಮೇಜಿನ ತುದಿಯಲ್ಲಿ. ಒಂದು ಕಡೆ ಮಕ್ಕಳ ಇತಿಹಾಸದ ಉತ್ತರ ಪತ್ರಿಕೆ, ಇನ್ನೊಂದು ಕಡೆ ಹೆಚ್ಚಿಟ್ಟ ತರಕಾರಿ. ಸಂತರ ಮಾತಿನ ಮೇಲೆ ಈರುಳ್ಳಿ ಸಿಪ್ಪೆ ಬಿದ್ದದ್ದೂ ಉಂಟು. ಹಗಲು ಶಾಲೆಯಲ್ಲಿ ಪಾಠ ಹೇಳುವುದು, ಸಂಜೆ ಕಾಲೇಜಿಗೆ ಹೋಗಿ ಪಾಠ ಕೇಳುವುದು, ಹೀಗೆ ವರ್ಷಗಟ್ಟಲೆ ಎರಡು ದೋಣಿಯಲ್ಲಿ ಕಾಲಿಟ್ಟೂ ಮುಳುಗದೆ ಉಳಿದವಳು. ಕೋಣೆಗೆ ಕಾಲಿಟ್ಟ ದಿನ ಅವಳು ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿದಳು. ಯಾರೂ 'ಅಮ್ಮಾ, ನನ್ನ ಸಾಕ್ಸ್ ಎಲ್ಲಿ' ಎಂದು ಬಾಗಿಲು ಬಡಿಯಲಿಲ್ಲ.

ಅದು ಕಥೋಲಿಕ ದೈವಶಾಸ್ತ್ರದ ಸಂಶೋಧಕರಿಗೆಂದೇ ಇದ್ದ ನಿವಾಸ. ಆಯ್ಕೆಯಾದವರಿಗೆ ಒಂದು ವರ್ಷದ ಫೆಲೋಶಿಪ್. ಕೋಣೆ, ಊಟ, ಗ್ರಂಥಾಲಯದ ಬೀಗದ ಕೈ ಎಲ್ಲ ನಿವಾಸದ್ದು. ತಲೆಕೆಡಿಸಿಕೊಂಡು ಬರೆಯುವುದು ಮಾತ್ರ ಬಂದವರ ಪಾಲಿನದು. ಬರುತ್ತಿದ್ದವರು ಹೆಚ್ಚಾಗಿ ಪಾದ್ರಿಗಳು, ಕನ್ಯಾಸ್ತ್ರೀಯರು. ಮನೆ, ಮಕ್ಕಳು, ಗ್ಯಾಸ್ ಸಿಲಿಂಡರು ಇವನ್ನೆಲ್ಲ ಗಂಡನ ತಲೆಗೆ ಕಟ್ಟಿ ಬಂದ ಸಂಸಾರಸ್ಥೆ ಇವಳೇ ಮೊದಲು.

ನಿವಾಸದ ನಿರ್ದೇಶಕಿ ಒಬ್ಬ ಸಿಸ್ಟರ್. ಕಡ್ಡಿ ಮುರಿದಂತೆ ಮಾತಾಡುವವರು. ಕಾಫಿ ಕೊಟ್ಟು ಮನೆಯ ಕಟ್ಟಳೆ ಹೇಳಿದರು.

"ಮಧ್ಯಾಹ್ನದ ತನಕ ಮೌನ. ಊಟ ಎಲ್ಲರ ಜೊತೆ, ಕೋಣೆಗೆ ತಟ್ಟೆ ತಗೊಂಡು ಹೋಗೋ ಹಾಗಿಲ್ಲ. ಆರು ತಿಂಗಳಾದ್ಮೇಲೆ ವಾದದ ದಿನ. ಅದು ಮುಗಿದ ಮೇಲೆ ಉಳಿದ ಆರು ತಿಂಗಳು ಇರ್ತೀರೋ ಇಲ್ವೋ ಅಂತ ನಾವು ತೀರ್ಮಾನ ಮಾಡ್ತೀವಿ."

ವಾದದ ದಿನ ಅಂದರೆ ಆ ಮನೆಯ ಹಳೆಯ ಪದ್ಧತಿ. ಸಂಶೋಧಕ ತನ್ನ ವಾದ ಓದಬೇಕು. ಇನ್ನೊಬ್ಬರು ಎದುರುವಾದಿಯಾಗಿ ನಿಲ್ಲಬೇಕು. ಆದರೆ ಎದುರುವಾದಿ ನೇರವಾಗಿ ಜಗಳಕ್ಕಿಳಿಯುವಂತಿಲ್ಲ. ಮೊದಲು ಎದುರಿನವರ ವಾದವನ್ನು ತನ್ನ ಮಾತಿನಲ್ಲಿ ಹೇಳಬೇಕು, ಅವರು "ಹೌದು, ನಾನು ಹೇಳಿದ್ದು ಅದೇ" ಎಂದು ಒಪ್ಪಬೇಕು. ಒಪ್ಪುವ ತನಕ ಆಕ್ಷೇಪಣೆ ಎತ್ತುವಂತಿಲ್ಲ. ಈ ಪದ್ಧತಿಯನ್ನು ಗಂಡ ಹೆಂಡಿರಿಗೂ ಕಡ್ಡಾಯ ಮಾಡಿದರೆ ಎಷ್ಟೋ ಮನೆಗಳು ಉಳಿದಾವು ಎಂದು ಟೀಚರಮ್ಮನಿಗೆ ಅನ್ನಿಸಿತು.

ಮೊದಲ ದಿನದ ಊಟಕ್ಕೆ ಅವಳು ಕುರ್ಚಿ ಎಳೆದುಕೊಳ್ಳುತ್ತಿದ್ದಂತೆ ಎದುರಿಗಿದ್ದ ವಯಸ್ಸಾದ ಪಾದ್ರಿ ಎದ್ದು ನಿಂತರು. ಉದ್ದ ಮೂಗು, ಆ ಮೂಗಿನ ತುದಿಯಲ್ಲೇ ಸದಾ ಸಿದ್ಧವಾಗಿರುವ ಕೋಪ. ಮನೆಯವರೆಲ್ಲ ಅವರನ್ನು ತಕರಾರು ಫಾದರ್ ಎನ್ನುತ್ತಿದ್ದರು, ಅವರ ಎದುರಿಗೇ. ಅವರಿಗೂ ಅದರಲ್ಲಿ ತಕರಾರಿರಲಿಲ್ಲ.

"ನಿಮ್ಮ ಇಪ್ಪತ್ತು ಪುಟ ಓದಿದೀನಿ," ಎಂದರು ಅವರು. "ಎರಡು ಸಲ ಓದಿದೀನಿ. ಈ ವಿಷಯ ಎತ್ತಿಕೊಂಡವರೆಲ್ಲ ಕಣ್ಣೀರು ಸುರಿಸಿ ಕಾಗದ ಒದ್ದೆ ಮಾಡ್ತಾರೆ. ನೀವೊಬ್ಬರು ಮಾತ್ರ ಸಂಪ್ರದಾಯದ ಕಡೆ ಗಟ್ಟಿಯಾಗಿ ನಿಂತ್ರಿ. ಆಯ್ಕೆ ಸಮಿತಿಯಲ್ಲಿ ನಿಮ್ಮ ಪರವಾಗಿ ಮೇಜು ಗುದ್ದಿದವನು ನಾನೇ."

ಟೀಚರಮ್ಮನ ಕೈಯಲ್ಲಿದ್ದ ಚಮಚ ಅರ್ಧಕ್ಕೆ ನಿಂತಿತು. ಆ ಇಪ್ಪತ್ತು ಪುಟದಲ್ಲಿ ಅವಳ ಅಭಿಪ್ರಾಯ ಒಂದು ಸಾಲೂ ಇರಲಿಲ್ಲ.

ಆದದ್ದು ಇಷ್ಟು. ಹಳೆಯ ದೈವಶಾಸ್ತ್ರಿಗಳ ಬರವಣಿಗೆಗೆ ಒಂದು ಕ್ರಮವಿದೆ. ತಾನು ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುವಂತಿಲ್ಲ. ತನಗೆ ವಿರುದ್ಧವಾಗಿ ಏನೇನು ಹೇಳಬಹುದೋ ಅದನ್ನೆಲ್ಲ ಮೊದಲು ಬರೆಯಬೇಕು. ಅದೂ ಕಾಟಾಚಾರಕ್ಕಲ್ಲ, ವಿರೋಧಿಯ ಕಡೆಯ ವಕೀಲನೇ ಬಂದು ಬರೆದಷ್ಟು ಬಲವಾಗಿ. ಆಮೇಲೆ 'ಆದರೆ' ಎಂದು ಒಂದು ತಿರುವು, ಅದರ ನಂತರ ತನ್ನ ಉತ್ತರ. ಟೀಚರಮ್ಮ ಈ ಕ್ರಮವನ್ನು ಶಾಲೆಯ ಶಿಸ್ತಿನಿಂದ ಪಾಲಿಸಿದ್ದಳು. ಅರ್ಜಿಯ ಜೊತೆ ಮಾದರಿಗೆಂದು 'ಇಪ್ಪತ್ತು ಪುಟ ಕಳಿಸಿ, ಹೆಚ್ಚು ಬೇಡ' ಎಂದು ನಿವಾಸದವರು ಹೇಳಿದ್ದರು. ಅವಳು ಮೊದಲಿನ ಇಪ್ಪತ್ತು ಕಳಿಸಿದಳು. ಅವಳ 'ಆದರೆ' ಇದ್ದದ್ದು ಇಪ್ಪತ್ತೊಂದನೆಯ ಪುಟದಲ್ಲಿ.

ವಿಷಯವಾದರೂ ಎಂಥದ್ದು. ಮಗುವನ್ನು ಧರ್ಮಸಭೆಗೆ ಸೇರಿಸುವ ದೀಕ್ಷಾಸ್ನಾನ ಆಗುವ ಮೊದಲೇ ತೀರಿಕೊಂಡ ಶಿಶುಗಳ ಗತಿ ಏನು ಎಂಬುದು. ಹಿಂದಿನ ಪಂಡಿತರು ಬಹಳ ಯೋಚಿಸಿ, ಅಂಥ ಮಕ್ಕಳಿಗೆ ಸ್ವರ್ಗವೂ ಅಲ್ಲದ ನರಕವೂ ಅಲ್ಲದ ಒಂದು ಅಂಚನ್ನು ಗೊತ್ತುಮಾಡಿದ್ದರು. ಅಲ್ಲಿ ನೋವಿಲ್ಲ, ಆದರೆ ದೇವರ ಮುಖವೂ ಕಾಣುವುದಿಲ್ಲ. ಇಂದಿನ ಧರ್ಮಸಭೆ ಆ ಮಾತನ್ನು ಒತ್ತಿ ಹೇಳುವುದಿಲ್ಲ. ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ ಎನ್ನುತ್ತದೆ. ತಕರಾರು ಫಾದರ್ ಮಾತ್ರ ಅಂಚಿನ ಪಕ್ಷ ಬಿಟ್ಟಿರಲಿಲ್ಲ. ದೀಕ್ಷಾಸ್ನಾನವೇ ಸ್ವರ್ಗದ ಬಾಗಿಲು, ಬಾಗಿಲು ಎಂದು ಒಂದಿದ್ದ ಮೇಲೆ ಅದಕ್ಕೊಂದು ಬೆಲೆ ಇರಬೇಕು ಎಂಬುದು ಅವರ ವಾದ. ಅದರ ಮೇಲೆ ಅವರೇ ದಪ್ಪನೆಯ ಪುಸ್ತಕವೊಂದನ್ನು ಬರೆಯುತ್ತಿದ್ದರು.

ಟೀಚರಮ್ಮನಿಗೆ ಈ ವಿಷಯ ಗ್ರಂಥಾಲಯದಲ್ಲಿ ಸಿಕ್ಕಿದ್ದಲ್ಲ, ಮನೆಯಲ್ಲೇ ಇದ್ದದ್ದು. ಅವಳಿಗಿಂತ ಮೊದಲು ಅವಳ ತಾಯಿಗೊಂದು ಗಂಡು ಮಗು ಹುಟ್ಟಿತ್ತು. ದೀಕ್ಷಾಸ್ನಾನಕ್ಕೆ ಮಗುವನ್ನು ಎತ್ತಿಕೊಂಡು ನಿಲ್ಲಬೇಕಾದ ಸೋದರಮಾವ ದೂರದಿಂದ ಬರಬೇಕಿತ್ತು. ಅವನಿಗೆ ರಜೆ ಸಿಗಲಿಲ್ಲ. ಮುಂದಿನ ಭಾನುವಾರ ಮಾಡೋಣ ಎಂದರು. ಮಗು ಮುಂದಿನ ಭಾನುವಾರದವರೆಗೆ ಕಾಯಲಿಲ್ಲ. ಆಗಿನ ಕಾಲದ ಕಟ್ಟುನಿಟ್ಟು. ಸ್ಮಶಾನದ ಗೋಡೆಯ ಹೊರಗೆ, ಬೇಲಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಹೆಸರು ಕೂಡ ಇಟ್ಟಿರಲಿಲ್ಲ ಎಂದೇ ಎಲ್ಲರ ಲೆಕ್ಕ.

ತಾಯಿ ಅದರ ಬಗ್ಗೆ ಗೋಳಾಡಿದವಳಲ್ಲ. ಆಮೇಲೆ ನಾಲ್ಕು ಮಕ್ಕಳನ್ನು ಹೆತ್ತಳು, ಬಯ್ದಳು, ಬೆಳೆಸಿದಳು. ಯಾರಾದರೂ ಎಷ್ಟು ಮಕ್ಕಳು ಎಂದು ಕೇಳಿದರೆ ಕೈ ಎತ್ತಿ ನಾಲ್ಕು ಬೆರಳು ತೋರಿಸುತ್ತಿದ್ದಳು. ಹೆಬ್ಬೆರಳನ್ನು ಅಂಗೈಗೆ ಮಡಚಿ ಬಿಗಿಯಾಗಿ ಹಿಡಿದಿರುತ್ತಿದ್ದಳು. ನಾಲ್ಕು ಎಂದು ತೋರಿಸಬೇಕಾದರೆ ಎಲ್ಲರೂ ಹೆಬ್ಬೆರಳು ಮಡಚುತ್ತಾರೆ, ನಿಜ. ಆದರೆ ಕೈ ಇಳಿಸಿದ ಮೇಲೂ ತಾಯಿಯ ಹೆಬ್ಬೆರಳು ಸ್ವಲ್ಪ ಹೊತ್ತು ಮಡಚಿಯೇ ಇರುತ್ತಿತ್ತು. ಚಿಕ್ಕವಳಿದ್ದಾಗಿನಿಂದ ಅದನ್ನು ನೋಡಿ ನೋಡಿ ಟೀಚರಮ್ಮನಿಗೆ ಅದರ ಅರ್ಥ ಯಾರೂ ಹೇಳದೆಯೇ ಗೊತ್ತಾಗಿತ್ತು.

ಹೋದ ವರ್ಷ ಕಣ್ಣಿನ ಆಪರೇಷನ್ ಆಗಿ ಮಲಗಿದ್ದಾಗ ತಾಯಿ ಮೊದಲ ಸಲ ಬಾಯಿಬಿಟ್ಟು ಕೇಳಿದಳು: "ನೀನು ಇಷ್ಟೆಲ್ಲ ಓದಿದೀಯಲ್ಲ. ಅವನು ಎಲ್ಲಿದಾನೆ ಅಂತ ಎಲ್ಲಾದ್ರೂ ಬರೆದಿದ್ಯಾ?" ನೋಡಿ ಹೇಳುತ್ತೇನೆ ಎಂದು ಮಗಳು ಮಾತು ಕೊಟ್ಟಳು. ಫೆಲೋಶಿಪ್ಪಿಗೆ ಅರ್ಜಿ ಹಾಕಿದ್ದು ಅದಾದ ಮೇಲೆ.

ಈಗ ಸಂಜೆ ಸಂಜೆ ತಾಯಿಯ ಫೋನು ಬರುತ್ತಿತ್ತು. ಕಳೆದುಹೋದ ಬೀಗದ ಕೈ ವಿಚಾರಿಸುವವಳಂತೆ ಮೊದಲು ಅದೇ ಪ್ರಶ್ನೆ.

"ಸಿಕ್ತೇನೇ?"

"ಹುಡುಕ್ತಾ ಇದೀನಮ್ಮ."

"ಅಷ್ಟು ದೊಡ್ಡ ಲೈಬ್ರರಿ ಅಂತೀಯ. ಒಂದು ಪುಸ್ತಕದಲ್ಲೂ ಇಲ್ವಾ?"

"ಇದೆ. ಒಂದು ಪುಸ್ತಕ ಒಂದು ಥರ ಹೇಳುತ್ತೆ, ಇನ್ನೊಂದು ಅದಕ್ಕೆ ಉಲ್ಟಾ ಹೇಳುತ್ತೆ."

"ಹಂಗಾದ್ರೆ ನಿಮ್ಮಪ್ಪನ ಮನೆ ಕಡೆಯವರೇ ಬರೆದಿರ್ಬೇಕು. ಊಟ ಸರಿಯಾಗಿ ಮಾಡ್ತಿದೀಯಾ?"

ಊಟವನ್ನು ಅವಳು ಸರಿಯಾಗಿಯೇ ಮಾಡುತ್ತಿದ್ದಳು. ಊಟದ ಎದುರಿಗೆ ಕೂತ ತಕರಾರು ಫಾದರೇ ಬಿಸಿ ತುಪ್ಪವಾಗಿದ್ದರು. ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ದಿನಾ ಅವಳ ಕೋಣೆಯ ಬಾಗಿಲಲ್ಲಿ ಒಂದೊಂದು ಪುಸ್ತಕ ಇಟ್ಟು ಹೋಗುತ್ತಿದ್ದರು, ಎಲ್ಲವೂ ಅಂಚಿನ ಪಕ್ಷದವೇ. ತಮ್ಮ ಅಧ್ಯಾಯ ಓದಿ ಅಭಿಪ್ರಾಯ ಕೇಳುತ್ತಿದ್ದರು. ಬೇರೆಯವರ ಮೇಲೆ ಎಗರಾಡುವ ಮನುಷ್ಯ ಅವಳ ಮುಂದೆ ಮಾತ್ರ ಮೆತ್ತಗಾಗಿ, "ನೀವು ಹೇಗೂ ನಮ್ಮ ಕಡೆಯವರು" ಎನ್ನುತ್ತಿದ್ದರು. ಪ್ರತಿ ಸಲ ಅವಳು "ಫಾದರ್, ಒಂದು ಮಾತು" ಎಂದು ಬಾಯಿ ತೆರೆಯುತ್ತಿದ್ದಳು. ಪ್ರತಿ ಸಲ ಆ ಮಾತು ಉಪ್ಪಿನ ಡಬ್ಬಿ ಈ ಕಡೆ ಕೊಡಿ ಎಂಬಲ್ಲಿಗೆ ಮುಗಿಯುತ್ತಿತ್ತು.

ಪಕ್ಕದ ಕೋಣೆಯಲ್ಲಿ ಗಡ್ಡದ ಬ್ರದರ್ ಒಬ್ಬರಿದ್ದರು. ದೇವದೂತರ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಅವರಿಗೆ ಭೂಮಿಯ ಮೇಲಿನ ಸುದ್ದಿಯೂ ಎಲ್ಲರಿಗಿಂತ ಮೊದಲು ತಲುಪುತ್ತಿತ್ತು. ಹಿತ್ತಲಲ್ಲಿ ಬಟ್ಟೆ ಒಣಗಿಸುತ್ತ ಅವರೇ ಹೇಳಿದರು: "ನಿಮ್ಮ ಸೀಟಿಗೆ ಇನ್ನೊಬ್ರು ಇದ್ರು ಟೀಚರ್. ದೊಡ್ಡ ವಿದ್ವಾಂಸರು. ತಕರಾರು ಫಾದರ್ ಹಟ ಹಿಡಿದಿದ್ದಕ್ಕೆ ನಿಮಗೆ ಬಂತು. ಹೋದ ವರ್ಷ ಒಬ್ರು ವಾದದ ದಿನ ಅವರ ಕೈಗೆ ಸಿಕ್ಕಿ, ಮಾರನೇ ದಿನವೇ ಪೆಟ್ಟಿಗೆ ಕಟ್ಟಿದ್ರು."

ಟೀಚರಮ್ಮನಿಗೆ ಪೆಟ್ಟಿಗೆ ಕಟ್ಟಲು ಮನಸ್ಸಿರಲಿಲ್ಲ. ಆ ಮೇಜು, ಆ ಕಿಟಕಿ, ಆ ಸೋಮಾರಿ ಬೆಕ್ಕು ಅವಳಿಗೆ ಬೇಕಾಗಿದ್ದವು. ವಾಪಸು ಹೋದರೆ ಮತ್ತೆ ಊಟದ ಮೇಜಿನ ತುದಿ. ಪುಸ್ತಕ ಮುಗಿಯುವುದಿಲ್ಲ, ತಾಯಿಗೆ ಕೊಟ್ಟ ಮಾತೂ ಉಳಿಯುವುದಿಲ್ಲ. ತಾಯಿಗೋ ಎಂಬತ್ತರ ಹತ್ತಿರ. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತ ಒಂದು ಬೆಳಿಗ್ಗೆ ಅವಳು, ಸುಮ್ಮನೆ ನೋಡೋಣ ಎಂದು, ಫಾದರ್ ನಂಬಿದ ಹಾಗೆಯೇ ವಾದ ಮುಂದುವರಿಸಿ ಬರೆದಳು. ಇಪ್ಪತ್ತೊಂದನೆಯ ಪುಟದಲ್ಲಿ 'ಆದರೆ' ಬದಲು 'ಆದ್ದರಿಂದ' ಎಂದಳು. ಹಾಳಾದ್ದು, ಚೆನ್ನಾಗಿಯೇ ಬಂತು. ಸರಾಗವಾಗಿ ಬಂತು. ಓದಿದರೆ ಅವಳಿಗೇ ಒಪ್ಪಿಗೆಯಾಗುವಷ್ಟು ಗಟ್ಟಿಯಾಗಿತ್ತು. ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ. ವಾದದ ದಿನ ಇದನ್ನೇ ಓದಿ ಉಳಿದ ಆರು ತಿಂಗಳು ಗಳಿಸಿಕೊಂಡು, ನಿಜವಾದ ಪುಸ್ತಕವನ್ನು ಆಮೇಲೆ ಬರೆದರಾಯಿತು ಎಂದುಕೊಂಡಳು.

ಆ ಸಂಜೆ ಫೋನಿನಲ್ಲಿ ತಾಯಿ, "ಸಿಕ್ತಾ" ಎಂದು ಕೇಳಲಿಲ್ಲ.

"ಅಲ್ವೇ, ಅದೇನೋ ವಾದದ ದಿನ ಅಂತೆ. ಮನೆಯವರು ಬರಬಹುದು ಅಂತ ಸಿಸ್ಟರ್ ಕಾಗದ ಕಳಿಸಿದಾರೆ. ನಿನ್ನ ತಮ್ಮ ಕಾರಲ್ಲಿ ಬಿಟ್ಟು ಹೋಗ್ತಾನೆ. ನಾನು ಬರ್ತೀನಿ."

"ಅಮ್ಮ, ಅದೆಲ್ಲ ನಿನಗೆ ಬೋರಾಗುತ್ತೆ. ಬರೀ ಪಂಡಿತರ ಮಾತು."

"ಆಗಲಿ ಬಿಡು. ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಾಕ್ಸು. ಕಿವಿ ಮೊದಲಿನ ಹಾಗಿಲ್ಲ. ನೀನು ಏನು ಹೇಳ್ತೀಯೋ ನಾನು ಕೇಳ್ಬೇಕು."

ಫೋನು ಇಟ್ಟ ಮೇಲೆ ಟೀಚರಮ್ಮ ಬೆಳಿಗ್ಗೆ ಬರೆದದ್ದನ್ನು ತೆಗೆದು, ಮುಂದಿನ ಸಾಲಿನಲ್ಲಿ ತಾಯಿ ಕೂತಿದ್ದಾಳೆ ಎಂದು ನೆನೆದುಕೊಂಡು ಗಟ್ಟಿಯಾಗಿ ಓದಲು ನೋಡಿದಳು. ಎರಡು ಸಾಲು ದಾಟಲಾಗಲಿಲ್ಲ. ತನ್ನ ಮೇಲೆಯೇ ಅವಳಿಗೆ ನಾಚಿಕೆಯಾಯಿತು. ಪುಟಗಳನ್ನು ಹರಿದು ಬುಟ್ಟಿಗೆ ಹಾಕಿ, ಮಾರನೆಯ ದಿನ ಮೌನದ ಹೊತ್ತು ಮುಗಿಯುವುದನ್ನೇ ಕಾದು ನಿರ್ದೇಶಕಿಯ ಕಚೇರಿಗೆ ಹೋದಳು. ಇಪ್ಪತ್ತೊಂದನೆಯ ಪುಟದಿಂದ ಕೊನೆಯವರೆಗಿನ ನಿಜವಾದ ಬರವಣಿಗೆಯನ್ನು ಮೇಜಿನ ಮೇಲಿಟ್ಟಳು.

ಸಿಸ್ಟರ್ ನಿಧಾನವಾಗಿ ಓದಿದರು. ಕನ್ನಡಕ ತೆಗೆದರು. ಅವರ ಭುಜ ಅಲುಗತೊಡಗಿದಾಗ ಅಳುತ್ತಿದ್ದಾರೇನೋ ಎಂದು ಟೀಚರಮ್ಮ ಗಾಬರಿಯಾದಳು. ಅವರು ನಗುತ್ತಿದ್ದರು.

"ಅಲ್ಲ ಟೀಚರ್, ಸಮಿತಿಯಲ್ಲಿ ಕೂತವರೆಲ್ಲ ಇದೇ ಪದ್ಧತೀಲಿ ಓದಿ ಬರೆದು ಹಣ್ಣಾದವರು. ಇದು ಬರೀ ಆಕ್ಷೇಪಣೆ ಭಾಗ ಅಂತ ನಮಗೆ ಒಬ್ಬರಿಗೂ ಹೊಳೀಲಿಲ್ವಲ್ಲ. ತಪ್ಪು ನಿಮ್ಮದು ಅರ್ಧ, ನಮ್ಮದು ಅರ್ಧ." ಆಮೇಲೆ ನಗು ನಿಲ್ಲಿಸಿದರು. "ಆದ್ರೆ ನೀವು ಬಂದ ದಿನವೇ ಹೇಳ್ಬೇಕಿತ್ತು."

"ಹೌದು ಸಿಸ್ಟರ್. ಹೇಳ್ಬೇಕಿತ್ತು." ಆಮೇಲೆ ತಾಯಿಯ ಆ ಮೊದಲ ಮಗುವಿನ ವಿಷಯವನ್ನೂ ಹೇಳಿದಳು.

"ವಾದದ ದಿನ ಇದನ್ನೇ ಓದಿ. ತಕರಾರು ಫಾದರ್ ನಿಮ್ಮ ಪರ ನಿಲ್ಲೋದು ಅಂತ ಆಗಿತ್ತು. ಈಗ ಅವರೇ ಎದುರುವಾದಿ. ಅವರಿಗೆ ಎಲ್ಲಾ ನಾನೇ ಹೇಳ್ತೀನಿ. ಸೀಟು ಉಳಿಯುತ್ತೋ ಇಲ್ವೋ, ಆ ಭರವಸೆ ಮಾತ್ರ ನಾನು ಕೊಡಲ್ಲ."

ಅಂದಿನಿಂದ ಬಾಗಿಲಲ್ಲಿ ಪುಸ್ತಕ ಬರುವುದು ನಿಂತಿತು. ಊಟದ ಮೇಜಿನಲ್ಲಿ ತಕರಾರು ಫಾದರ್ ತಟ್ಟೆ ಬಿಟ್ಟು ಕಣ್ಣೆತ್ತುತ್ತಿರಲಿಲ್ಲ. ಟೀಚರಮ್ಮ ಕ್ಷಮೆ ಕೇಳಲು ಹೋದರೆ, "ವಾದದ ದಿನ ಮಾತಾಡೋಣ" ಎಂದು ಗ್ರಂಥಾಲಯದೊಳಗೆ ಹೋಗಿಬಿಟ್ಟರು. ಅವರು ಬಯ್ದಿದ್ದರೆ ಅವಳಿಗೆ ಎಷ್ಟೋ ಹಗುರಾಗುತ್ತಿತ್ತು. ಪೆಟ್ಟಿಗೆಯನ್ನು ಮಂಚದ ಕೆಳಗಿನಿಂದ ಹೊರಗೆಳೆದು, ಒರೆಸಿ, ಗೋಡೆಗೆ ಒರಗಿಸಿಟ್ಟಳು.

ವಾದದ ದಿನ ಬಂತು. ಊಟದ ಕೋಣೆಯ ಮೇಜುಗಳನ್ನೆಲ್ಲ ಬದಿಗೆ ಸರಿಸಿ ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ತಾಯಿ, ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಬಸ್ಸಿಗೆ ಕಾಯುವವಳಂತೆ ನೆಟ್ಟಗೆ ಕೂತಿದ್ದಳು. ಟೀಚರಮ್ಮ ಓದಿದಳು. ಮೊದಲ ಒಂದೆರಡು ಪುಟ ಧ್ವನಿ ನಡುಗಿತು. ಆಮೇಲೆ ಒಂಬತ್ತನೇ ತರಗತಿಯ ಹಿಂದಿನ ಬೆಂಚಿಗೂ ಕೇಳುವ ಅವಳ ಮಾಮೂಲಿ ಗಂಟಲು ಬಂತು. ಓದಿ ಮುಗಿಸಿ ಕೂತಳು.

ತಕರಾರು ಫಾದರ್ ಎದ್ದರು. ಕೈಯಲ್ಲಿ ಕಾಗದವಿರಲಿಲ್ಲ.

"ಟೀಚರಮ್ಮ ಹೇಳೋದು ಇಷ್ಟು," ಎಂದು ಶುರುಮಾಡಿದರು. "ದೇವರು ಕರುಣಾಮಯಿ. ಆದ್ದರಿಂದ ಎಲ್ಲ ಸರಿಹೋಗುತ್ತೆ. ಯಾರೂ ಚಿಂತೆ ಮಾಡ್ಬೇಕಾಗಿಲ್ಲ."

"ಅಲ್ಲ ಫಾದರ್," ಎಂದಳು ಟೀಚರಮ್ಮ. "ನಾನು ಹೇಳಿದ್ದು ಅದಲ್ಲ."

"ಸರಿ. ದೀಕ್ಷಾಸ್ನಾನ ಒಂದು ಒಳ್ಳೆ ಪದ್ಧತಿ. ಮಾಡ್ಸಿದ್ರೂ ನಡೆಯುತ್ತೆ, ಮಾಡ್ಸದಿದ್ರೂ ನಡೆಯುತ್ತೆ. ಅಲ್ವಾ?"

"ಅಲ್ಲ. ಅದೂ ಅಲ್ಲ."

ಗಡ್ಡದ ಬ್ರದರ್ ಕುರ್ಚಿಯಲ್ಲಿ ಅಲುಗಾಡಿದರು. ಹೋದ ವರ್ಷದವರು ಎರಡನೆಯ ಸಲಕ್ಕೇ ಸುಸ್ತಾಗಿ, ಹೌದು ಹಾಗೇ ಇಟ್ಟುಕೊಳ್ಳಿ ಎಂದು ಒಪ್ಪಿ ಸೋತಿದ್ದರು. ಟೀಚರಮ್ಮ ಒಪ್ಪಲಿಲ್ಲ. ತಕರಾರು ಫಾದರ್ ಕಣ್ಣು ಮುಂದಿನ ಸಾಲಿಗೆ ಹೋಯಿತು. ಅಲ್ಲೊಬ್ಬ ಮುದುಕಿ ಒಂದು ಕಿವಿಯನ್ನು ಅವರ ಕಡೆ ತಿರುಗಿಸಿ ಕೂತಿದ್ದಳು. ಅವರು ನಿಧಾನವಾಗಿ, ಪದಗಳನ್ನು ಬಿಡಿಸಿ ಬಿಡಿಸಿ ಹೇಳತೊಡಗಿದರು.

"ದೇವರು ನಮಗೆ ಒಂದು ಬಾಗಿಲು ತೋರಿಸಿದಾನೆ. ನಾವು ಅದರಲ್ಲೇ ಹೋಗ್ಬೇಕು, ನಮ್ಮ ಮಕ್ಕಳನ್ನ ಅದರಲ್ಲೇ ಕರ್ಕೊಂಡು ಹೋಗ್ಬೇಕು. ಅದರಲ್ಲಿ ರಿಯಾಯಿತಿ ಇಲ್ಲ. ಆದ್ರೆ ಬಾಗಿಲಿಗೆ ಕಟ್ಟುಬಿದ್ದವರು ನಾವು, ಮನೆ ಯಜಮಾನ ಅಲ್ಲ. ಬಾಗಿಲ ತನಕ ಬರೋಕಾಗದೆ ಹೊರಗೆ ಮಲಗಿದ ಮಗೂನ ಅವನೇ ಎದ್ದುಹೋಗಿ ಎತ್ತಿಕೊಂಡು ಬಂದ್ರೆ, ನೀನು ಬಾಗಿಲಲ್ಲಿ ಬರ್ಲಿಲ್ಲ ಅಂತ ಅವನನ್ನ ಕೇಳೋರು ಯಾರು? ಎತ್ತಿಕೊಂಡು ಬಂದಿದಾನೆ ಅಂತ ನಮಗೆ ಗೊತ್ತಾ? ಗೊತ್ತಿಲ್ಲ. ಗೊತ್ತಿದೆ ಅಂತ ಟೀಚರಮ್ಮ ಹೇಳ್ತಾ ಇಲ್ಲ. ಆದ್ರೆ ಆ ಮಗೂನ ಹೆತ್ತ ತಾಯಿಗಿಂತ ಹೆಚ್ಚು ಪ್ರೀತಿ ಮಾಡೋನು ಅವನು. ಅದಕ್ಕೇ ಆಸೆ ಇಟ್ಟುಕೋಬಹುದು. ಹೆದರಿ ಹೆದರಿ ಅಲ್ಲ, ಧೈರ್ಯವಾಗಿ ಇಟ್ಟುಕೋಬಹುದು."

ಟೀಚರಮ್ಮ ಆರು ತಿಂಗಳಿಂದ ತಾನು ಬರೆದದ್ದನ್ನು ತನಗಿಂತ ಚೆನ್ನಾಗಿ, ಅದನ್ನು ಒಪ್ಪದ ಮನುಷ್ಯನ ಬಾಯಲ್ಲಿ ಕೇಳುತ್ತಿದ್ದಳು.

"ಹೌದು ಫಾದರ್," ಎಂದಳು. "ನಾನು ಹೇಳಿದ್ದು ಅದೇ."

"ಈಗ ಆಕ್ಷೇಪಣೆ," ಎಂದರು ನಿರ್ದೇಶಕಿ.

"ನನ್ನ ಆಕ್ಷೇಪಣೆಗಳೆಲ್ಲ ಇವರೇ ಬರೆದ ಇಪ್ಪತ್ತು ಪುಟದಲ್ಲಿವೆ," ಎಂದರು ತಕರಾರು ಫಾದರ್. "ಅದಕ್ಕಿಂತ ಚೆನ್ನಾಗಿ ಹೇಳೋಕೆ ನನಗೆ ಬರಲ್ಲ. ಅದನ್ನ ಹೊಗಳಿ ಹೊಗಳಿ ನನಗೆ ಬಾಯಿ ನೋವು ಬಂದಿದೆ. ಎದುರಾಳಿ ಮಾತನ್ನ ಇಷ್ಟು ನ್ಯಾಯವಾಗಿ ಬರೆಯೋರು, ಅದೂ ಅವರ ಮನೆಯದೇ ಸಂಕಟ ಇಟ್ಟುಕೊಂಡು ಬರೆಯೋರು, ನನಗೆ ಈ ಮನೇಲಿ ಇನ್ನೊಬ್ರು ಸಿಕ್ಕಿಲ್ಲ. ಆ ಆಕ್ಷೇಪಣೆಗಳಿಗೆ ಇವತ್ತು ಅರ್ಧ ಉತ್ತರ ಬಂತು. ಇನ್ನರ್ಧ ಬರಬೇಕಾದ್ರೆ ಉಳಿದ ಆರು ತಿಂಗಳು ಬೇಕು, ಕೊಡಿ." ಕೂರಲು ಹೋದವರು ಮತ್ತೆ ನೆಟ್ಟಗಾದರು. "ನಾನು ಒಪ್ಪಿದೀನಿ ಅಂತ ಯಾರೂ ತಿಳ್ಕೋಬೇಡಿ. ನನ್ನ ತಕರಾರು ಇದ್ದೇ ಇದೆ."

ಎಲ್ಲರೂ ನಕ್ಕರು. ನಿರ್ದೇಶಕಿ ಸಮಿತಿಯವರ ಮುಖ ಒಂದು ಸುತ್ತು ನೋಡಿ, "ಪೆಟ್ಟಿಗೆ ಮಂಚದ ಕೆಳಗೆ ತಳ್ಳಿ, ಟೀಚರ್," ಎಂದರು.

ಆಮೇಲೆ ಟೀ, ಬಿಸ್ಕತ್ತು. ಟೀಚರಮ್ಮ ತಾಯಿಗೆ ಕಪ್ಪು ತಂದುಕೊಟ್ಟು ಪಕ್ಕದಲ್ಲಿ ಕೂತಳು. ತಾಯಿ ಬಿಸ್ಕತ್ತು ಅದ್ದಿ ತಿನ್ನುತ್ತಿದ್ದಳು. ಕೇಳಿಸಿತಾ ಎಂದು ಮಗಳು ಕೇಳಿದರೆ, "ಹೂಂ, ಆ ಫಾದರ್ ಹೇಳಿದ್ದು ಕೇಳಿಸ್ತು. ನೀನು ಬಹಳ ಬೇಗ ಬೇಗ ಓದ್ತೀಯ," ಎಂದಳು. ಅಷ್ಟರಲ್ಲಿ ತಕರಾರು ಫಾದರ್ ತಮ್ಮ ಕಪ್ಪು ಹಿಡಿದು ಅಲ್ಲಿಗೇ ಬಂದರು. ಜನರ ಜೊತೆ ಕುಶಲ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ. ಎಲ್ಲರೂ ಕೇಳುವುದನ್ನೇ ಕೇಳಿದರು.

"ಎಷ್ಟು ಮಕ್ಕಳಮ್ಮ ನಿಮಗೆ?"

ತಾಯಿ ಕಪ್ಪು ಕೆಳಗಿಟ್ಟು ಕೈ ಎತ್ತಿದಳು. ನಾಲ್ಕು ಬೆರಳು, ಮಡಚಿದ ಹೆಬ್ಬೆರಳು. ಬಾಯಿ ತೆರೆದವಳು ತನ್ನ ಕೈಯನ್ನು ತಾನೇ ನೋಡಿದಳು. ತಾಯಿಯ ಹೆಬ್ಬೆರಳು, ಎಷ್ಟೋ ವರ್ಷ ಮಡಚಿದ್ದು ಜೋಮು ಹಿಡಿದಂತೆ, ನಿಧಾನವಾಗಿ ಬಿಚ್ಚಿಕೊಂಡಿತು.

"ಐದು," ಎಂದಳು. "ದೊಡ್ಡವನು ನಮಗಿಂತ ಮುಂದೆ ಹೋಗಿದಾನೆ."

ತಕರಾರು ಫಾದರ್ ತಲೆಯಾಡಿಸಿದರು. ವಾದಕ್ಕೆ ಬರಲಿಲ್ಲ.

"ಅವನ ಹೆಸರೇನು? ನಾಳೆ ಬೆಳಿಗ್ಗೆ ಪೂಜೆ ನನ್ನದೇ. ನೆನೆಸಿಕೊಳ್ಳೋಕೆ ಬೇಕು."

ಹೆಸರಿಟ್ಟಿರಲಿಲ್ಲ ಎಂದು ಹೇಳಲು ಟೀಚರಮ್ಮ ಬಾಯಿ ತೆರೆದಳು. ಅವಳಿಗಿಂತ ಮೊದಲು ತಾಯಿ, ದಿನಾ ಕರೆದು ರೂಢಿಯಿದ್ದವಳ ಹಾಗೆ, ಸಲೀಸಾಗಿ ಮಗನ ಹೆಸರು ಹೇಳಿದಳು.